ಕರಿ ಟಗರಿನ ಬಿಳಿ ಮರಿ

ಕರಿ ಕುರಿಗೆ ಕರಿ ಟಗರು ಬಿಟ್ಟರೂ ಹುಟ್ಟಿದ ಮರಿ ಹಾಲಿನಂತೆ ಬೆಳ್ಳಗಿದ್ದರೆ ಕುರಿಗಾರ ಮೊದಲು ಬೈಯುವುದು ಪಕ್ಕದ ಹಿಂಡಿನ ಟಗರನ್ನು. ಅದು ಅನ್ಯಾಯದ ಅನುಮಾನವೇನಲ್ಲ. ತುಂಗಭದ್ರೆಯ ದಂಡೆಯ ಐರಣಿ, ಮೆಡ್ಲೇರಿ ಸೀಮೆಯಲ್ಲಿ ಸುಗ್ಗಿ ಮುಗಿದ ಹೊಲಗಳಲ್ಲಿ ಗೊಬ್ಬರಕ್ಕೆಂದು ಹಿಂಡು ನಿಲ್ಲಿಸುತ್ತಾರೆ. ಎರಡು ಮೂರು ಮನೆಯ ಕುರಿಗಳು ಒಂದೇ ಹೊಲದಲ್ಲಿ ರಾತ್ರಿ ಕಳೆಯುತ್ತವೆ. ಕುರಿಯ ಗಬ್ಬದ ಅವಧಿ ಸುಮಾರು 150 ದಿನ. ಐದು ತಿಂಗಳ ಹಿಂದೆ ಯಾವ ಊರಿನ ಹೊಲದಲ್ಲಿದ್ದೆವು, ಜೊತೆಗೆ ಯಾರ ಹಿಂಡಿತ್ತು ಎಂದು ಲೆಕ್ಕ ಹಾಕಿದರೆ ಯಾರದೋ ಒಂದು ಟಗರು ಸಿಕ್ಕೇ ಸಿಗುತ್ತದೆ.

ಆದರೆ ಪಕ್ಕದ ಟಗರು ಎಷ್ಟೋ ಸಲ ನಿರಪರಾಧಿ. ಬಿಳಿ ಬಂದದ್ದು ಆ ಕರಿ ಟಗರಿನ ಒಳಗಿನಿಂದಲೇ, ಇಲ್ಲವೇ ಆ ಕರಿ ಕುರಿಯ ಒಳಗಿನಿಂದ.

ಈ ಭಾಗದಲ್ಲಿ ಬಣ್ಣ ಬರಿಯ ಚಂದದ ಮಾತಾಗಿರಲಿಲ್ಲ. ದಖ್ಖನಿ ಕುರಿಯ ಉಣ್ಣೆ ಒರಟು, ಸ್ವೆಟರಿಗೆ ಬಾರದು. ಅದೇ ಒರಟುತನ ಕಂಬಳಿಗೆ ಬೇಕು. ಗುಂಡಿಮಗ್ಗದಲ್ಲಿ ನೇಯ್ದು, ನೂಲಿಗೆ ಹುಣಸೆ ಬೀಜದ ಸರಿ ಹಚ್ಚಿ ಮಾಡಿದ ಕಂಬಳಿಯ ಮೇಲೆ ಮಳೆ ನೀರು ಜಾರಿ ಹೋಗುತ್ತದೆ. ಒಳ್ಳೆಯ ಕರಿ ಕಂಬಳಿಗೆ ಬಣ್ಣ ಹಾಕುವುದಿಲ್ಲ, ಕುರಿಯ ಮೈಯಲ್ಲಿ ಬೆಳೆದ ಕಪ್ಪೇ ಅದರ ಬಣ್ಣ. ಅದರಲ್ಲೂ ಮರಿಯ ಮೊದಲ ಕತ್ತರಿಯ ಉಣ್ಣೆ ಎಲ್ಲಕ್ಕಿಂತ ಮೃದು, ಎಲ್ಲಕ್ಕಿಂತ ಕಪ್ಪು. ವಯಸ್ಸಾದಂತೆ, ಬಿಸಿಲು ತಿಂದಂತೆ ಉಣ್ಣೆಯ ತುದಿ ಕಂದುತ್ತದೆ, ನಡುವೆ ನರೆ ಸೇರುತ್ತದೆ. ಮೈಲಾರದ ಜಾತ್ರೆಗೂ ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡಕ್ಕೂ ಬರುವ ಗೊರವಪ್ಪಗಳ ಮೈಮೇಲಿನ ನಿಲುವಂಗಿ ಕರಿ ಕಂಬಳಿಯದು. ಪೂಜೆಗೆ ಹಾಸುವ ಗದ್ದಿಗೆಯ ಕಂಬಳಿಯೂ ಅಷ್ಟೆ. ಹೀಗಾಗಿ ತಲೆಮಾರುಗಳಿಂದ ಕುರಿಗಾರರು ಕರಿ ಟಗರನ್ನೇ ಆರಿಸಿ ಉಳಿಸಿಕೊಂಡರು, ಬಿಳಿ ಟಗರು ಮರಿಗಳನ್ನು ಸಂತೆಗೆ ಹೊಡೆದರು. ಇಷ್ಟು ವರ್ಷ ಆರಿಸಿದ ಮೇಲೂ ಬಿಳಿ ಮರಿ ಯಾಕೆ ಹುಟ್ಟಬೇಕು?

ಮೊದಲು ಒಂದು ಗೊಂದಲವನ್ನು ದೂರ ಮಾಡಿಕೊಳ್ಳೋಣ. 1974ರಲ್ಲಿ ಘೋಷಣೆಯಾದ, ಸುಮಾರು 119 ಚದರ ಕಿಲೋಮೀಟರಿನ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯದಲ್ಲಿ ಕರಿ ಮೈಯ ಗಂಡುಗಳೂ ಕಂದು ಮೈಯ ಹೆಣ್ಣುಗಳೂ ಒಟ್ಟಿಗೆ ಮೇಯುತ್ತವೆ. ಅಲ್ಲಿ ಕಪ್ಪು ಬೇರೆ ವಂಶದ ಗುರುತಲ್ಲ. ಗಂಡು ಮರಿಯೂ ಹುಟ್ಟುವಾಗ ಕಂದೇ. ಪ್ರಾಯ ಬಂದಂತೆ ಗಂಡಿನ ಹಾರ್ಮೋನು ಅದರ ಬೆನ್ನನ್ನು ಕಪ್ಪಾಗಿಸುತ್ತದೆ. ಕುರಿಯ ಕಪ್ಪು ಹಾಗಲ್ಲ, ಅದು ಹುಟ್ಟಿನಿಂದಲೇ ಇರುತ್ತದೆ, ಹೆಣ್ಣಿಗೂ ಗಂಡಿಗೂ ಸಮ. ಅದರ ಕಾರಣವನ್ನು ಜೀನ್‌ಗಳಲ್ಲೇ ಹುಡುಕಬೇಕು.

ಚರ್ಮದಲ್ಲಿ ಬಣ್ಣ ತಯಾರಿಸುವ ಜೀವಕೋಶಗಳಿವೆ. ಅವು ಎರಡು ಬಗೆಯ ಮೆಲನಿನ್ ಮಾಡಬಲ್ಲವು, ಒಂದು ಕಪ್ಪು, ಇನ್ನೊಂದು ಕೆಂಪು-ಹಳದಿ. ಯಾವುದನ್ನು ಮಾಡಬೇಕೆಂದು ತೀರ್ಮಾನಿಸುವುದು ಆ ಕೋಶದ ಹೊರಮೈಯಲ್ಲಿರುವ ಎಂಸಿ1ಆರ್ ಎಂಬ ಪ್ರೋಟೀನು. ಹಾರ್ಮೋನು ಬಂದು ಅದನ್ನು ಚಾಲೂ ಮಾಡಿದರೆ ಕಪ್ಪು ತಯಾರಾಗುತ್ತದೆ. ಅಗೂಟಿ ಎಂಬ ಇನ್ನೊಂದು ಪ್ರೋಟೀನು ಅಡ್ಡ ಬಂದು ಕೂತರೆ ಕಪ್ಪು ನಿಲ್ಲುತ್ತದೆ. ಅಗೂಟಿಯ ಪ್ರಮಾಣ ವಿಪರೀತವಾದರೆ ಕಪ್ಪಿನ ಸುಳಿವೇ ಇರುವುದಿಲ್ಲ, ಕುರಿ ಬೆಳ್ಳಗಾಗುತ್ತದೆ.

ಬಿಳಿ ಕುರಿಯಲ್ಲಿ ಅಗೂಟಿ ಅಷ್ಟೊಂದು ಏಕೆ ತಯಾರಾಗುತ್ತದೆ ಎಂಬುದು ಗೊತ್ತಾದದ್ದು 2008ರಲ್ಲಿ. ಆಸ್ಟ್ರೇಲಿಯದ ವಿಜ್ಞಾನಿಗಳಾದ ಬೆಲಿಂಡಾ ನಾರಿಸ್ ಮತ್ತು ವಿಕಿ ವಾನ್ ಮೆರಿನೊ ಕುರಿಗಳ ಡಿಎನ್‌ಎ ಬಿಡಿಸಿ ನೋಡಿದಾಗ ಅಗೂಟಿ ಜೀನ್ ಇರುವ ಸುಮಾರು 1 ಲಕ್ಷ 90 ಸಾವಿರ ಅಕ್ಷರಗಳ ಉದ್ದದ ತುಂಡು ಒಂದರ ಪಕ್ಕ ಒಂದರಂತೆ ಎರಡು ಸಲ ಕೂತಿತ್ತು. ಹೆಚ್ಚುವರಿ ಅಗೂಟಿ ಪ್ರತಿಗೆ ಸಿಕ್ಕಿದ್ದು ಪಕ್ಕದ ಬೇರೊಂದು ಜೀನಿನ ಸ್ವಿಚ್ಚು, ಅದು ಮೈಯೆಲ್ಲ ಯಾವಾಗಲೂ ಚಾಲೂ ಇರುವಂಥದು. ಯಾವುದೋ ಪುರಾತನ ಕುರಿಯಲ್ಲಿ ನಕಲು ಮಾಡುವಾಗ ಆದ ಒಂದು ಎಡವಟ್ಟು ಇದು. ಅದನ್ನು ಚಂದವೆಂದು ಮನುಷ್ಯ ಆರಿಸಿ ಬೆಳೆಸಿದ್ದರಿಂದ ಇಂದು ಲೋಕದ ಉಣ್ಣೆ ಮಾರುಕಟ್ಟೆ ಬಿಳಿಯಾಗಿದೆ.

ಈ ಬಿಳಿ ಪ್ರಬಲ. ತಂದೆಯಿಂದ ಒಂದು, ತಾಯಿಯಿಂದ ಒಂದು ಎಂದು ಪ್ರತಿ ಜೀನಿಗೂ ಎರಡು ಪ್ರತಿಗಳಿರುತ್ತವಲ್ಲ, ಅವುಗಳಲ್ಲಿ ಒಂದು ಬಿಳಿಯದಾದರೂ ಸಾಕು, ಕುರಿ ಬಿಳಿ. ಇನ್ನೊಂದು ಪ್ರತಿಯಲ್ಲಿ ಕೆಲಸ ಮಾಡದ ಅಗೂಟಿ ಇದ್ದರೆ ಅದು ಸದ್ದಿಲ್ಲದೆ ಕೂತಿರುತ್ತದೆ. ಅಂಥ ಎರಡು ಬಿಳಿ ಕುರಿಗಳು ಕೂಡಿದರೆ ನಾಲ್ಕರಲ್ಲಿ ಒಂದು ಮರಿಗೆ ಎರಡೂ ಕಡೆಯಿಂದ ಕೆಲಸಗೆಟ್ಟ ಪ್ರತಿ ಸಿಗಬಹುದು. ಆ ಮರಿಯಲ್ಲಿ ಕಪ್ಪಿಗೆ ತಡೆಯಿಲ್ಲ. ಇದು ಸುಪ್ತ ಕಪ್ಪು. ಗ್ರೆಗರ್ ಮೆಂಡೆಲ್ ಬಟಾಣಿ ಗಿಡಗಳಲ್ಲಿ ಕಂಡು 1866ರಲ್ಲಿ ಅಚ್ಚು ಹಾಕಿಸಿದ ಲೆಕ್ಕವೇ ಇದು.

ಲೆಕ್ಕ ಸರಿಯೇ. ಆದರೆ ಅದು ನಮ್ಮ ಪ್ರಶ್ನೆಗೆ ಉತ್ತರವಾಗಲಿಲ್ಲ. ಸುಪ್ತ ಕಪ್ಪಿನ ಕುರಿಯಲ್ಲಿ ಬಿಳಿಯ ಪ್ರತಿ ಇರಲು ಜಾಗವೇ ಇಲ್ಲ, ಎರಡೂ ಕುರ್ಚಿ ಭರ್ತಿ. ಹಾಗಾದರೆ ಕರಿಗೆ ಕರಿ ಕೂಡಿ ಬಿಳಿ ಹುಟ್ಟುವುದು ಹೇಗೆ?

ಕುರಿಗಳಲ್ಲಿ ಕಪ್ಪು ಒಂದೇ ಬಗೆಯದಲ್ಲ. ನಾರ್ವೆಯ ಡಾಲಾ ಎಂಬ ತಳಿಯ ಕುರಿಗಳಲ್ಲಿ 1999ರಲ್ಲಿ ಇನ್ನೊಂದು ಕಪ್ಪು ವಿಜ್ಞಾನಿಗಳಿಗೆ ಸಿಕ್ಕಿತು. ಅಲ್ಲಿ ಕೆಟ್ಟದ್ದು ಅಗೂಟಿಯಲ್ಲ, ಎಂಸಿ1ಆರ್. ಅದರಲ್ಲಾದ ಬದಲಾವಣೆಯಿಂದ ಅದು ಯಾರು ಅಡ್ಡ ಬಂದರೂ ಆಫ್ ಆಗುವುದಿಲ್ಲ. ಅಗೂಟಿ ಎಷ್ಟೇ ಬಂದರೂ ಕೋಶ ಕಪ್ಪನ್ನು ಮಾಡುತ್ತಲೇ ಹೋಗುತ್ತದೆ. ಇದು ಪ್ರಬಲ ಕಪ್ಪು, ಇದರ ಒಂದೇ ಪ್ರತಿ ಸಾಕು. ಈಗ ಕತೆ ತಿರುವು ಪಡೆಯುತ್ತದೆ. ಪ್ರಬಲ ಕಪ್ಪಿನ ಟಗರಿನ ಅಗೂಟಿ ಜಾಗದಲ್ಲಿ ಬಿಳಿಯ ಜೀನ್ ಇದ್ದರೂ ಅದು ಕಾಣುವುದಿಲ್ಲ. ಕುರಿಯೂ ಅಂಥದ್ದೇ ಆಗಿದ್ದು, ಇಬ್ಬರಲ್ಲೂ ಪ್ರಬಲ ಕಪ್ಪಿನ ಒಂದೊಂದೇ ಪ್ರತಿ ಇದ್ದರೆ, ನಾಲ್ಕರಲ್ಲಿ ಒಂದು ಮರಿಗೆ ಆ ಕಪ್ಪು ಸಿಗುವುದೇ ಇಲ್ಲ. ಮುಚ್ಚಿದ್ದ ಬಿಳಿ ಹೊರಬೀಳುತ್ತದೆ.

ಕುರಿಗಾರನಿಗೆ ಇದರಲ್ಲಿ ಪ್ರಯೋಗಾಲಯವಿಲ್ಲದೆ ಮಾಡಬಹುದಾದ ಒಂದು ಪತ್ತೇದಾರಿಯಿದೆ. ಬಿಳಿಗೆ ಬಿಳಿ ಕೂಡಿ ಕರಿ ಮರಿ ಬಂದರೆ ಹಿಂಡಿನಲ್ಲಿರುವುದು ಸುಪ್ತ ಕಪ್ಪು. ಕರಿಗೆ ಕರಿ ಕೂಡಿ ಬಿಳಿ ಬಂದರೆ ಪ್ರಬಲ ಕಪ್ಪು, ಅದರಡಿ ಬಿಳಿ. ಎರಡೂ ಆಗುತ್ತಿದ್ದರೆ ಹಿಂಡಿನಲ್ಲಿ ಎರಡೂ ಕಪ್ಪುಗಳಿವೆ. ಮೈಮೇಲಿನ ಮಚ್ಚೆ, ಹಣೆಯ ಬಿಳಿ ಬೊಟ್ಟು ಮುಂತಾದವಕ್ಕೆ ಬೇರೆ ಜೀನ್‌ಗಳಿವೆ, ಕಂದು ಬಣ್ಣಕ್ಕೆ ಮತ್ತೊಂದಿದೆ. ನಾನಿಲ್ಲಿ ಸರಳ ಮಾಡಿ ಹೇಳುತ್ತಿದ್ದೇನೆ. ಆದರೂ ಮೂರು ತಲೆಮಾರಿನ ಮರಿಗಳ ಬಣ್ಣವನ್ನು ನೆನಪಿಟ್ಟುಕೊಂಡ ಮುದುಕ ಕುರಿಗಾರನೊಬ್ಬನಿಗೆ ಇಷ್ಟು ಹೇಳಿದರೆ ಉಳಿದದ್ದನ್ನು ಅವನೇ ಬಿಡಿಸುತ್ತಾನೆ.

ಬೇಡದ ಬಣ್ಣದ ಮರಿಗಳನ್ನು ಹೊರಹಾಕುತ್ತ ಹೋದರೆ ಆ ಬಣ್ಣ ತೊಲಗುವುದಿಲ್ಲವೇ? ಬೇಡದ್ದು ಪ್ರಬಲವಾಗಿದ್ದರೆ ಬೇಗ ತೊಲಗುತ್ತದೆ, ಸುಪ್ತವಾಗಿದ್ದರೆ ಹಟ ಹಿಡಿಯುತ್ತದೆ. ಬಿಳಿ ಹಿಂಡೊಂದರಲ್ಲಿ 100 ಮರಿಗೆ 1 ಕರಿ ಹುಟ್ಟುತ್ತಿದೆ ಎನ್ನಿ. ಕಣ್ಣಿಗೆ ಕಂಡದ್ದು ಒಂದೇ ಆದರೂ ಉಳಿದ ಬಿಳಿ ಕುರಿಗಳಲ್ಲಿ ಸುಮಾರು 18 ಅದೇ ಜೀನನ್ನು ಒಳಗೆ ಹೊತ್ತಿರುತ್ತವೆ. ಕರಿ ಮರಿಗಳನ್ನೆಲ್ಲ ಕಟ್ಟುನಿಟ್ಟಾಗಿ ತೆಗೆಯುತ್ತ ಹೋದರೂ ಆ ಜೀನಿನ ಪ್ರಮಾಣ ಅರ್ಧಕ್ಕಿಳಿಯಲು 10 ತಲೆಮಾರು ಬೇಕು. ಕುರಿಯ ತಲೆಮಾರು ಮೂರು ವರ್ಷವೆಂದರೆ 30 ವರ್ಷ. ಅಷ್ಟಾದ ಮೇಲೂ 400ಕ್ಕೊಂದು ಕರಿ ಮರಿ ಹುಟ್ಟುತ್ತಲೇ ಇರುತ್ತದೆ. ಹೊರಹಾಕಿದ್ದು ಕಣ್ಣಿಗೆ ಕಂಡದ್ದನ್ನು, ಉಳಿದದ್ದು ಕಾಣದ್ದು.

ಟಗರನ್ನು ಪರೀಕ್ಷಿಸುವ ಹಳೆಯ ದಾರಿಯೊಂದಿದೆ. ಬಿಳಿ ಟಗರನ್ನು ಸುಪ್ತ ಕಪ್ಪಿನ ಕುರಿಗಳಿಗೆ ಬಿಡಬೇಕು. ಟಗರಿನೊಳಗೆ ಕಪ್ಪಿದ್ದರೆ ಪ್ರತಿ ಮರಿಯೂ ಕರಿಯಾಗುವ ಸಾಧ್ಯತೆ ಅರ್ಧಕ್ಕರ್ಧ. ಸಾಲಾಗಿ 7 ಮರಿ ಬಿಳಿ ಹುಟ್ಟಿದರೆ, ಕಪ್ಪು ಹೊತ್ತ ಟಗರಿಗೆ ಹಾಗಾಗುವ ಸಂಭವ 128ರಲ್ಲಿ 1 ಮಾತ್ರ. ಅಷ್ಟು ಸಾಕು. ಇನ್ನು ತನ್ನದೇ ಹಿಂಡಿನ ಟಗರನ್ನು ವರ್ಷಗಟ್ಟಲೆ ಇಟ್ಟುಕೊಂಡು ಅದರ ಹೆಣ್ಣುಮರಿಗಳಿಗೂ ಅದನ್ನೇ ಬಿಟ್ಟರೆ ಪರೀಕ್ಷೆ ತಾನಾಗಿಯೇ ನಡೆದುಹೋಗುತ್ತದೆ. ಟಗರಿನ ಸುಪ್ತ ಜೀನು ಅರ್ಧದಷ್ಟು ಹೆಣ್ಣುಮರಿಗಳಿಗೆ ದಾಟಿರುತ್ತದೆ, ಆ ಹೆಣ್ಣುಗಳಿಗೆ ಮತ್ತೆ ಅಪ್ಪನೇ ಸಿಕ್ಕಾಗ 8 ಮರಿಗಳಲ್ಲಿ 1ರಲ್ಲಿ ಅದು ಹೊರಬರುತ್ತದೆ. ಬಣ್ಣವೊಂದೇ ಹೀಗೆ ಹೊರಬಂದರೆ ಚಿಂತೆಯಿರಲಿಲ್ಲ. ಕುರುಡು, ಸೊಟ್ಟ ಕಾಲು, ಹುಟ್ಟುತ್ತಲೇ ಸಾವು, ಎಲ್ಲ ಸುಪ್ತ ದೋಷಗಳಿಗೂ ಬಾಗಿಲು ಇದೇ. ಎರಡು ಮೂರು ವರ್ಷಕ್ಕೊಮ್ಮೆ ಬೀಜದ ಟಗರನ್ನು ಬೇರೆ ಊರಿನವರೊಂದಿಗೆ ಬದಲಿಸಿಕೊಳ್ಳುವ ಪದ್ಧತಿ ಜೀವವಿಜ್ಞಾನ ಓದಿದವರು ಹೇಳಿಕೊಟ್ಟದ್ದಲ್ಲ.

ಕುರಿಯ ಬಣ್ಣಕ್ಕೆ ಕುರಿಗಾರ ತಲೆಕೆಡಿಸಿಕೊಂಡಂತೆ ಹಲ್ಲಿಯ ಬಣ್ಣಕ್ಕೆ ತಲೆಕೆಡಿಸಿಕೊಳ್ಳುವವರೂ ಲೋಕದಲ್ಲಿದ್ದಾರೆ. ಚಿರತೆ ಹಲ್ಲಿ ಪಾಕಿಸ್ತಾನ, ಅಫ್ಘಾನಿಸ್ತಾನ, ವಾಯವ್ಯ ಭಾರತದ ಒಣ ಕಲ್ಲುನೆಲದ ಪ್ರಾಣಿ. ಗೋಡೆ ಹತ್ತಲು ಬೇಕಾದ ಅಂಟುಪಾದ ಇದಕ್ಕಿಲ್ಲ, ಮನೆಹಲ್ಲಿಗಿಲ್ಲದ ರೆಪ್ಪೆ ಇದಕ್ಕಿದೆ. ಅಮೆರಿಕ, ಯುರೋಪುಗಳಲ್ಲಿ ಇದು ಗಾಜಿನ ಪೆಟ್ಟಿಗೆಯ ಸಾಕುಪ್ರಾಣಿ. ಹೊಸ ಬಣ್ಣದ ಮರಿಗೆ ದೊಡ್ಡ ಬೆಲೆ ಸಿಗುತ್ತದಾದ್ದರಿಂದ ಸಾಕುವವರು ಜೋಡಿ ಕೂಡಿಸುವುದರಲ್ಲಿ ಬಲು ನಿಷ್ಠರು, ಪ್ರತಿ ಮೊಟ್ಟೆಗೂ ದಾಖಲೆ ಇಡುತ್ತಾರೆ. ಮೊಟ್ಟೆಗೆ ಕೊಡುವ ಶಾಖದ ಮೇಲೂ ಅವರ ಕಣ್ಣು. ಸುಮಾರು 26 ಡಿಗ್ರಿಯಲ್ಲಿಟ್ಟರೆ ಬಹುತೇಕ ಹೆಣ್ಣು ಹುಟ್ಟುತ್ತವೆ, 32-33ರಲ್ಲಿ ಹೆಚ್ಚಾಗಿ ಗಂಡು, ಇನ್ನೂ ಏರಿಸಿದರೆ ಮತ್ತೆ ಹೆಣ್ಣು. ಹೆಣ್ಣೋ ಗಂಡೋ ಎಂಬುದನ್ನು ಇಲ್ಲಿ ತೀರ್ಮಾನಿಸುವುದು ಶಾಖ.

ಈ ಸಾಕಣೆಯ ಲೋಕದಲ್ಲಿ ಬಿಳಿಚು ಹಲ್ಲಿಗಳ ಮೂರು ವಂಶಗಳಿವೆ, ಟ್ರೆಂಪರ್, ಬೆಲ್, ರೈನ್‌ವಾಟರ್ ಎಂದು ಅವುಗಳ ಹೆಸರು. ಮೂರಕ್ಕೂ ಕಪ್ಪು ಬಣ್ಣವಿಲ್ಲ, ಮೂರೂ ಸುಪ್ತ. ಟ್ರೆಂಪರಿಗೆ ಬೆಲ್ ಕೂಡಿಸಿದರೆ ಹುಟ್ಟುವ ಮರಿಗಳೆಲ್ಲ ಮಾಮೂಲಿ ಚುಕ್ಕಿ ಹಲ್ಲಿಗಳು! ಇದನ್ನು ಅರಿಯದೆ ಬಿಳಿಗೆ ಬಿಳಿ ಕೊಂಡುತಂದು ಕೂಡಿಸಿದವರು ಮೋಸ ಹೋದೆವೆಂದುಕೊಂಡದ್ದುಂಟು. ಮೋಸವಿಲ್ಲ. ಒಂದು ವಂಶದಲ್ಲಿ ಕೆಟ್ಟ ಜೀನು ಇನ್ನೊಂದರಲ್ಲಿ ಸರಿಯಾಗಿದೆ. ಮರಿಗೆ ಪ್ರತಿ ಜೀನಿಗೂ ಒಂದೊಂದು ಒಳ್ಳೆಯ ಪ್ರತಿ ಸಿಗುತ್ತದೆ, ಅಷ್ಟರಿಂದಲೇ ಬಣ್ಣ ಮರಳುತ್ತದೆ. ನಮ್ಮ ಎರಡು ಕಪ್ಪುಗಳ ಕತೆಗೆ ಇದು ಹತ್ತಿರದ ಸಂಬಂಧಿ. ನೋಡಲು ಒಂದೇ, ಬೇರು ಬೇರೆ.

ಇದಕ್ಕಿಂತ ಕಹಿಯಾದದ್ದು ಲೆಮನ್ ಫ್ರಾಸ್ಟ್ ಎಂಬ ಬಣ್ಣದ ಕತೆ. ನಿಂಬೆ ಹಳದಿಯ ಮೇಲೆ ಇಬ್ಬನಿ ಕೂತಂತೆ ಹೊಳೆಯುವ ಮೈ, ಅಪರೂಪದ ಬೆಲೆ. ಪ್ರಬಲ ಜೀನಾದ್ದರಿಂದ ಮರಿಗಳಲ್ಲಿ ಅರ್ಧಕ್ಕೆ ಬಣ್ಣ ಖಾತ್ರಿ, ವ್ಯಾಪಾರಕ್ಕೆ ಇನ್ನೇನು ಬೇಕು. ಒಂದೆರಡು ವರ್ಷಗಳಲ್ಲಿ ಆ ಹಲ್ಲಿಗಳ ಚರ್ಮದಲ್ಲಿ ಬಿಳಿ ಗಂಟುಗಳೆದ್ದವು. ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಂಗ್‌ಹುವಾ ಗುವೊ, ಲಿಯೊನಿಡ್ ಕ್ರುಗ್ಲ್ಯಾಕ್ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದಂತೆ ಈ ಬಣ್ಣದ ಹಲ್ಲಿಗಳಲ್ಲಿ ಶೇಕಡಾ 80ಕ್ಕೂ ಹೆಚ್ಚಿನವಕ್ಕೆ ಚರ್ಮದ ಗಡ್ಡೆ ಬರುತ್ತದೆ. ಕಾರಣ ಬಹುತೇಕ ಸ್ಪಿಂಟ್1 ಎಂಬ ಜೀನು. ಅದು ಮನುಷ್ಯರಲ್ಲೂ ಗಡ್ಡೆ ತಡೆಯುವ ಕೆಲಸದಲ್ಲಿದೆ. ಹೊಳಪು ಕೊಡುವ ಕೋಶಗಳು ಮಿತಿಮೀರಿ ಬೆಳೆದದ್ದೇ ಆ ಚಂದಕ್ಕೂ ಕಾರಣ, ಗಡ್ಡೆಗೂ ಕಾರಣ. ಒಂದನ್ನು ಬಿಟ್ಟು ಒಂದನ್ನು ಆರಿಸಲು ಬರುವುದಿಲ್ಲ. ಗೊತ್ತಾದ ಮೇಲೂ ಅವುಗಳನ್ನು ಕೂಡಿಸಿ ಮಾರುವುದು ಪ್ರಾಣಿಹಿಂಸೆಯೇ ಎಂದು ನಾನು ಹೇಳುತ್ತೇನೆ.

ಕುರಿಯ ಲೋಕದಲ್ಲಿ ಇದಕ್ಕಿಂತ ವಿಚಿತ್ರವಾದದ್ದು ನಡೆದಿದೆ. 1983ರಲ್ಲಿ ಅಮೆರಿಕದ ಓಕ್ಲಹೋಮಾದಲ್ಲಿ ಡಾರ್ಸೆಟ್ ತಳಿಯ ಒಂದು ಟಗರು ಹುಟ್ಟಿತು. ಅದರ ಹಿಂಭಾಗದಲ್ಲಿ ಮಾಂಸಖಂಡ ಉಬ್ಬಿ ಪೈಲ್ವಾನನ ತೊಡೆಯಂತಿತ್ತು. ಸಾಲಿಡ್ ಗೋಲ್ಡ್ ಎಂದು ಹೆಸರಿಟ್ಟರು, ಎಂದರೆ ಅಪ್ಪಟ ಚಿನ್ನ. ಅದರ ಮರಿಗಳಲ್ಲಿ ಕೆಲವು ಅಪ್ಪನಂತೆಯೇ ಆದವು. ಇಂಥವು ಹುಟ್ಟುವಾಗ ಮಾಮೂಲಿಯಾಗಿದ್ದು ತಿಂಗಳೊಪ್ಪತ್ತಿನ ಮೇಲೆ ಉಬ್ಬುತ್ತವೆ. ತಳಿ ಸಾಕುವವರು ಖುಷಿಯಿಂದ ಉಬ್ಬಿದ ಹೆಣ್ಣಿಗೆ ಮಾಮೂಲಿ ಟಗರು ಬಿಟ್ಟರು. ಒಂದು ಮರಿಯೂ ಉಬ್ಬಲಿಲ್ಲ. ಉಬ್ಬಿದ ಗಂಡಿಗೆ ಉಬ್ಬಿದ ಹೆಣ್ಣು ಕೂಡಿಸಿದಾಗ ಜೀನಿನ ಎರಡು ಪ್ರತಿ ಪಡೆದ ಮರಿಗಳೇ ಸಪಾಟಾದವು!

ಮೆಂಡೆಲ್ ಲೆಕ್ಕದಲ್ಲಿ ಇದಕ್ಕೆ ಜಾಗವಿಲ್ಲ. ಯೂಟಾ ರಾಜ್ಯದ ನೋಯೆಲ್ ಕಾಕೆಟ್ ಮತ್ತು ಬೆಲ್ಜಿಯಂನ ಮಿಶೆಲ್ ಜಾರ್ಜ್ ತಂಡಗಳು 1996ರಲ್ಲಿ ಗುಟ್ಟನ್ನು ಬಿಡಿಸಿದವು. ಬದಲಾದ ಪ್ರತಿ ತಂದೆಯಿಂದಲೇ ಬರಬೇಕು, ತಾಯಿಯಿಂದ ಬರುವುದು ಮಾಮೂಲಿ ಪ್ರತಿಯೇ ಆಗಿರಬೇಕು, ಆಗ ಮಾತ್ರ ಮರಿ ಉಬ್ಬುತ್ತದೆ. ಕೆಲವು ಜೀನ್‌ಗಳು ತಂದೆಯಿಂದ ಬಂದಾಗ ಒಂದು ರೀತಿ, ತಾಯಿಯಿಂದ ಬಂದಾಗ ಇನ್ನೊಂದು ರೀತಿ ನಡೆದುಕೊಳ್ಳುತ್ತವೆ. ತಾಯಿ ಕೊಟ್ಟ ಬದಲಾದ ಪ್ರತಿ ತಂದೆ ಕೊಟ್ಟದ್ದರ ಬಾಯಿ ಮುಚ್ಚಿಸುತ್ತದೆ. 18ನೆಯ ವರ್ಣತಂತುವಿನಲ್ಲಿ ಒಂದೇ ಒಂದು ಡಿಎನ್‌ಎ ಅಕ್ಷರ ಬದಲಾದದ್ದರ ಪರಿಣಾಮ ಇಷ್ಟೆಲ್ಲ. ಕೊನೆಗೆ ಚಿನ್ನ ಕಬ್ಬಿಣವಾಯಿತು. ಉಬ್ಬಿದ ತೊಡೆಯ ಮಾಂಸ ಎಷ್ಟು ಬೇಯಿಸಿದರೂ ಗಟ್ಟಿ. ಸತ್ತ ಮೇಲೆ ಮಾಂಸವನ್ನು ಮೆತ್ತಗಾಗಿಸುವ ಕಿಣ್ವವನ್ನು ತಡೆಯುವ ಪ್ರೋಟೀನು ಈ ಕುರಿಗಳಲ್ಲಿ ಹೆಚ್ಚು. ಮಾರುಕಟ್ಟೆ ಅವನ್ನು ಒಪ್ಪಲಿಲ್ಲ.

ಇಷ್ಟು ಹೊತ್ತು ಹೊರಗಿನ ಮಾತಾಯಿತು. ಹಾವೇರಿ ಜಿಲ್ಲೆಯ ಕುರಿಗಾರನ ಮುಂದೆ ಈಗ ನಿಂತಿರುವ ಜೀನು ಬೇರೆಯದು, ಅದು ಬಣ್ಣದ್ದಲ್ಲ, ಅವಳಿಯದು. ಕಂಬಳಿಗೆ ಗಿರಾಕಿ ಕಡಿಮೆ, ಉಣ್ಣೆ ಕತ್ತರಿಸುವ ಕೂಲಿಯೂ ಹುಟ್ಟದ ಕಾಲ. ದುಡ್ಡು ಬರುವುದು ಮರಿಯಿಂದ. ದಖ್ಖನಿ ಕುರಿ ಸಾಮಾನ್ಯವಾಗಿ ಈತಕ್ಕೆ ಒಂದೇ ಮರಿ ಹಾಕುತ್ತದೆ. ಅದು ಎರಡು ಹಾಕಿದರೆ?

ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್‌ನ ಕೂಮಾ ಹತ್ತಿರದ ಬೂರೂಲಾ ಎಂಬ ಜಮೀನಿನಲ್ಲಿ ಸಿಯರ್ಸ್ ಸೋದರರು ಅವಳಿ, ತ್ರಿವಳಿ ಹಾಕುವ ಮೆರಿನೊ ಕುರಿಗಳನ್ನು ಆರಿಸಿ ಬೆಳೆಸಿದ್ದರು. ಮೊಟ್ಟೆಯ ಸಂಖ್ಯೆ ಇಷ್ಟೊಂದು ಏರುವುದು ಹಲವು ಜೀನ್‌ಗಳ ಕೂಡುಕೆಲಸವೆಂದೇ ಎಲ್ಲರ ಎಣಿಕೆ. 1980ರ ದಶಕದ ಆರಂಭದಲ್ಲಿ ಪೈಪರ್ ಮತ್ತು ಬಿಂಡನ್ ಎಂಬ ವಿಜ್ಞಾನಿಗಳು ಇದು ಒಂದೇ ಜೀನಿನ ಕೆಲಸವೆಂದರು. ಅದಕ್ಕೆ ಫೆಕ್-ಬಿ ಎಂಬ ಹೆಸರಾಯಿತು. 2001ರಲ್ಲಿ ಮೂರು ತಂಡಗಳು ಬೇರೆಬೇರೆಯಾಗಿ ಅದನ್ನು 6ನೆಯ ವರ್ಣತಂತುವಿನಲ್ಲಿ ಹಿಡಿದವು. ಮರುವರ್ಷ ಡೇವಿಸ್ ಮತ್ತು ಸಂಗಡಿಗರು ಎಂಟು ದೇಶಗಳ ಕುರಿಗಳನ್ನು ಪರೀಕ್ಷಿಸಿದಾಗ ಅದೇ ಬದಲಾವಣೆ ಬಂಗಾಳದ ಸುಂದರಬನದ ಗ್ಯಾರೋಲ್ ಕುರಿಯಲ್ಲಿ ಸಿಕ್ಕಿತು. 1792-93ರಲ್ಲಿ ಕಲ್ಕತ್ತೆಯಿಂದ ಹಡಗಿನಲ್ಲಿ ಸಿಡ್ನಿಗೆ ಕುರಿಗಳು ಹೋಗಿದ್ದವು. ಆ ಪುಟ್ಟ ಬಂಗಾಳಿ ಕುರಿಗಳ ಜೀನು ಮೆರಿನೊ ಉಣ್ಣೆಯಡಿ ಎರಡು ಶತಮಾನ ಅಡಗಿ ಬದುಕಿತ್ತು.

ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಫಲಟಣದಲ್ಲಿ ಬನಬಿಹಾರಿ ನಿಂಬಕರ್ 1968ರಲ್ಲಿ ಕಟ್ಟಿದ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆಯಿದೆ. ಅವರ ಮಗಳು ಚಂದಾ ನಿಂಬಕರ್ ನೇತೃತ್ವದಲ್ಲಿ ಆ ಸಂಸ್ಥೆ ಗ್ಯಾರೋಲ್‌ನ ಈ ಜೀನನ್ನು ದಖ್ಖನಿ ಕುರಿಗೆ ದಾಟಿಸುವ ಕೆಲಸ ಕೈಗೆತ್ತಿಕೊಂಡಿತು. ಸುಲಭವಿರಲಿಲ್ಲ. ಗ್ಯಾರೋಲ್ ಕುರಿ 10-14 ಕಿಲೋ ತೂಗುವ ಕುಳ್ಳ ಪ್ರಾಣಿ, ಮೊದಲ ತಲೆಮಾರಿನ ಮಿಶ್ರ ಮರಿಗಳೂ ಸಣ್ಣವು. ಅವುಗಳಲ್ಲಿ ಫೆಕ್-ಬಿ ಇದ್ದವನ್ನು ರಕ್ತಪರೀಕ್ಷೆಯಿಂದ ಆರಿಸಿ, ಮತ್ತೆ ಮತ್ತೆ ದೊಡ್ಡ ಮೈಯ ಕುರಿಗಳಿಗೆ ಕೂಡಿಸುತ್ತ, ಗಾತ್ರ ದಖ್ಖನಿಯದು, ಅವಳಿ ಗ್ಯಾರೋಲಿನದು ಎಂಬಂತೆ ಮಾಡಿದರು. ಹಾಗೆ ಬಂದದ್ದು ನಾರಿ ಸುವರ್ಣ. ಜೀನಿನ ಒಂದು ಪ್ರತಿಯಿದ್ದ ಕುರಿಗಳು ಸರಾಸರಿ 10 ಈತಕ್ಕೆ ಸುಮಾರು 15 ಮರಿ ಹಾಕುತ್ತವೆ. ಈಗ ಕರ್ನಾಟಕದ ಕುರಿಗಾರರಿಗೂ ಈ ಹೆಸರು ಪರಿಚಿತ.

ಇದರಲ್ಲೂ ನಿರೀಕ್ಷಿಸದ್ದಿದೆ. ಎರಡು ಪ್ರತಿ ಸಿಕ್ಕ ಕುರಿಯ ಅಂಡಾಶಯ ಇನ್ನೂ ಹೆಚ್ಚು ಅಂಡ ಬಿಡುತ್ತದೆ, ತ್ರಿವಳಿಗಳು ಹುಟ್ಟುತ್ತವೆ. ಮೂರು ಮರಿಗೆ ಎರಡೇ ಮೊಲೆ, ಹಾಲೂ ಕಡಿಮೆ. ಹುಟ್ಟಿದ್ದು ಮೂರು, ಬದುಕಿದ್ದು ಒಂದು ಎಂದಾದರೆ ಲಾಭವೆಲ್ಲಿ? ಮನೆಯಲ್ಲಿ ಕಟ್ಟಿ ಮೇವು, ಹಿಂಡಿ ಹಾಕುವವರಿಗೆ ಅವಳಿ ವರ. ವರ್ಷದಲ್ಲಿ ಹಲವು ತಿಂಗಳು ಹಿಂಡಿನ ಹಿಂದೆ ನಡೆಯುವವರಿಗೆ ಅದು ಹೆಗಲ ಭಾರ, ನಡೆಯಲಾರದ ಎಳೆ ಮರಿಗಳನ್ನು ಹೊರುವವರು ಯಾರು? ಮೇವಿಲ್ಲದ ಬೇಸಿಗೆಯಲ್ಲಿ ಅವಳಿ ಹೊತ್ತ ಕುರಿ ತಾನೇ ಬಿದ್ದುಹೋಗುತ್ತದೆ. ಜೀನು ಹೇಳುವುದು ಅಂಡದ ಲೆಕ್ಕ ಮಾತ್ರ, ಮೇವಿನ ಲೆಕ್ಕ ಕುರಿಗಾರನದು. ಬರಗಾಲದ ಸೀಮೆಯ ಕುರಿ ಒಂದೇ ಮರಿ ಹಾಕುವುದು ಅದರ ಕೊರತೆಯೆಂದು ನನಗನಿಸುವುದಿಲ್ಲ.

ಇನ್ನೊಂದು ತೊಡಕು ಸಂತೆಯದು. ಅವಳಿಯಾಗಿ ಹುಟ್ಟಿದ ಟಗರನ್ನು ತೋರಿಸಿ, ಇದರ ಹೆಣ್ಣುಮರಿಗಳೆಲ್ಲ ಅವಳಿ ಹಾಕುತ್ತವೆ ಎಂದು ಮಾರುವವರಿದ್ದಾರೆ. ಫೆಕ್-ಬಿ ಕೆಲಸ ಮಾಡುವುದು ಅಂಡಾಶಯದಲ್ಲಿ. ಟಗರಿಗೆ ಅಂಡಾಶಯವಿಲ್ಲ, ಜೀನಿದ್ದರೂ ಅದರ ಮೈಯಲ್ಲಿ ಯಾವ ಗುರುತೂ ಮೂಡುವುದಿಲ್ಲ. ಅವಳಿಯಾಗಿ ಹುಟ್ಟಿದ್ದು ಅದರ ತಾಯಿಯ ಗುಣ. ತಾಯಿಯಲ್ಲಿ ಒಂದೇ ಪ್ರತಿಯಿದ್ದರೆ ಅದು ಮಗನಿಗೆ ದಾಟಿರುವ ಸಾಧ್ಯತೆ ಅರ್ಧ ಮಾತ್ರ. ಜೀನೇ ಇಲ್ಲದ ಕುರಿಯೂ ಒಳ್ಳೆಯ ಮೇವು ತಿಂದ ವರ್ಷ ಅವಳಿ ಹಾಕುವುದುಂಟು.

ಈ ಮಾತು ರಾಣೆಬೆನ್ನೂರಿನವರಿಗೆ ಹೊಸದಾಗಬೇಕಿಲ್ಲ. ಹೈಬ್ರಿಡ್ ಬೀಜದ ಪ್ಲಾಟುಗಳಲ್ಲಿ ಹೂವಿಗೆ ಹೂವು ಮುಟ್ಟಿಸಿ ಕ್ರಾಸಿಂಗ್ ಮಾಡುವ ಊರುಗಳಿವು. ಧಾರವಾಡದಲ್ಲಿ ಡಾ. ಬಿ.ಎಚ್. ಕಟರ್ಕಿ ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ 1972ರಲ್ಲಿ ವರಲಕ್ಷ್ಮಿ ಕೊಟ್ಟಾಗಿನಿಂದ ಒಂದು ಸಂಗತಿ ಇಲ್ಲಿನ ರೈತರಿಗೆ ಗೊತ್ತು. ಹೈಬ್ರಿಡ್ ಬೆಳೆಯ ಬೀಜವನ್ನೇ ಎತ್ತಿಟ್ಟು ಮರುವರ್ಷ ಬಿತ್ತಿದರೆ ಒಂದು ಗಿಡ ಎತ್ತರ, ಒಂದು ಗಿಡ್ಡ, ಒಂದರಲ್ಲಿ ಕಾಯಿಯೇ ಇಲ್ಲ. ಮೊದಲ ತಲೆಮಾರಿನ ಏಕರೂಪ ಎರಡನೆಯದರಲ್ಲಿ ಒಡೆಯುತ್ತದೆ. ಒಂದು ಪ್ರತಿಯ ನಾರಿ ಸುವರ್ಣ ಟಗರಿನ ಹೆಣ್ಣುಮರಿಗಳಲ್ಲೂ ಹಾಗೆಯೇ, ಅರ್ಧಕ್ಕೆ ಜೀನು ಉಂಟು, ಅರ್ಧಕ್ಕೆ ಇಲ್ಲ. ಎರಡು ಪ್ರತಿಯ ಟಗರಾದರೆ ಹೆಣ್ಣುಮರಿಗಳೆಲ್ಲಕ್ಕೂ ಒಂದೊಂದು ಪ್ರತಿ ಖಾತ್ರಿ. ಬೀಜದ ಅಂಗಡಿಯಲ್ಲಿ ಚೀಲದ ಮೇಲಿನ ಚೀಟಿ ಓದಿ ತರುವ ರೈತನೇ ಕುರಿ ಸಂತೆಯಲ್ಲಿ ಸಾವಿರಾರು ರೂಪಾಯಿ ಕೊಟ್ಟು ಬರಿಯ ಮಾತನ್ನು ನಂಬಿ ಬರುತ್ತಾನೆ.

ಕರಿಯೋ ಬಿಳಿಯೋ ಎಂಬುದಕ್ಕಾದರೂ ಹುಟ್ಟಿದ ಮರಿ ಸಾಕ್ಷಿ ಹೇಳುತ್ತದೆ. ಅವಳಿಯ ಜೀನಿಗೆ ಸಾಕ್ಷಿ ಬರುವುದು ಟಗರಿಗೆ ಹುಟ್ಟಿದ ಹೆಣ್ಣುಮರಿ ಬೆಳೆದು ಈದ ಮೇಲೆ, ಅಂದರೆ ಎರಡು ವರ್ಷಕ್ಕೆ. ಅಷ್ಟರಲ್ಲಿ ಮಾರಿದವನು ಸಿಗುವುದಿಲ್ಲ. ಒಂದು ಹನಿ ರಕ್ತದಿಂದ ಇದನ್ನು ಇಂದೇ ತಿಳಿಯಬಹುದು. ಅವಳಿ ತಳಿಯ ಟಗರು ಕೊಳ್ಳುವವರು ಡಿಎನ್‌ಎ ಪರೀಕ್ಷೆಯ ವರದಿ ಕೇಳಿ, ಅದರಲ್ಲಿ ಫೆಕ್-ಬಿ ಒಂದು ಪ್ರತಿಯೋ ಎರಡೋ ಎಂಬುದನ್ನು ನೋಡಿ, ಕಿವಿಯ ಬಿಲ್ಲೆಯ ಸಂಖ್ಯೆ ವರದಿಯ ಸಂಖ್ಯೆಗೆ ತಾಳೆಯಾಗುತ್ತದೆಯೇ ಪರೀಕ್ಷಿಸಿ. ವರದಿಯಿಲ್ಲದ ಟಗರಿಗೆ ಮಾಂಸದ ಬೆಲೆಗಿಂತ ಒಂದು ರೂಪಾಯಿಯೂ ಹೆಚ್ಚು ಕೊಡಬೇಡಿ.